ಬೆನ್ನ ಹಿಂದಿನ ದೀಪ

12-11-1997, ಬುಧವಾರ

ಐದನೇ ಕ್ಲಾಸಿಗೇ ಸ್ಕೂಲು ಬಿಟ್ಟವನಿಗೆ ಡಾಕ್ಟರು ಬರೆಯಲು ಹೇಳುತ್ತಾನೆ. ಸಿಟ್ಟು ಬಂದರೆ ಬಾಯಿ ಬಿಡಬೇಡಿ, ಪುಸ್ತಕದಲ್ಲಿ ಬೈಯಿರಿ, ಬಿ.ಪಿ. ಇಳಿಯುತ್ತದೆ ಅಂತೆ. ಹೆಂಡತಿ ದ್ರಾಕ್ಷಾಯಣಿ ಹಳೇ ಡೈರಿ ತಂದು ಮುಂದೆ ಬಿಸಾಕಿದಳು. ಇವಳೂ ಅವನ ಪರ.

ಇವತ್ತು ಸ್ಟುಡಿಯೋಗೆ ಮಂಜುಳಾ ಅಂತ ಒಬ್ಬಳು ಬಂದಿದ್ದಳು. ಇಲ್ಲೇ ಅರಸೀಕೆರೆಯಲ್ಲಿ ಟೀಚರು. ಕಣಕಟ್ಟೆ ಕೇರಿಯ ದ್ಯಾವಯ್ಯನ ಮಗಳು. ತಾಯಿ ಸಣ್ಣತಾಯಮ್ಮ ಹೋಗಿ ವರ್ಷವಾಗುತ್ತಾ ಬಂತು, ಇಪ್ಪತ್ತೆಂಟಕ್ಕೆ ತಿಥಿ. ಅಪ್ಪ ಅಮ್ಮ ಮದುವೆಯಾದ ಹೊಸದರಲ್ಲಿ ನನ್ನಲ್ಲೇ ತೆಗೆಸಿದ ಫೋಟೋ ತಂದಿದ್ದಳು. ತಾಯಿಯದು ಇದೊಂದೇ. ಮುಖ ದೊಡ್ಡದು ಮಾಡಿ ಕೊಡಬೇಕಂತೆ.

"ಅಮ್ಮನ ತಲೆ ಯಾಕೆ ಸರ್ ಕತ್ತಲೆ ಒಳಗೆ ಹೋಗಿದೆ?" ಅಂದಳು.

ನಿಮ್ಮಮ್ಮ ಕಪ್ಪು, ಹಿಂದಿನ ಪರದೆ ಕಪ್ಪು, ನಾನೇನು ಮಾಡಲಿ ಅಂದೆ. ಫೋಟೋ ಮೇಜಿನ ಮೇಲಿಟ್ಟು ಹೋದಳು.

ಅನ್ನಬಾರದಿತ್ತು. ಸುಳ್ಳು ಬೇರೆ.

14-11, ಮಧ್ಯಾಹ್ನ

ನೆಗೆಟಿವ್ ಸಿಕ್ಕಿತು. 69ರದು. ಅದೇ ಡಬ್ಬಿಯಲ್ಲಿ ಕೊಬ್ಬರಿ ಮಂಡಿ ಜಯದೇವಪ್ಪನದೂ ಇದೆ. ಅವನೂ ಇದ್ದಿಲು ಬಣ್ಣ. ಪರದೆಯೂ ಅದೇ. ಆದರೆ ತಲೆಯ ಸುತ್ತ ಬೆಳಕು, ಒಂದೊಂದು ಕೂದಲೂ ಕಾಣುತ್ತದೆ.

ಬ್ಯಾಕ್‌ಗ್ರೌಂಡ್ ಲೈಟು. ಕೂತವರ ಬೆನ್ನ ಹಿಂದೆ, ಕುಳ್ಳ ಸ್ಟ್ಯಾಂಡಿನ ಮೇಲೆ, ಪರದೆ ಕಡೆ ಮುಖ ಮಾಡಿ ಇಡುವ ದೀಪ. ಫೋಟೋದಲ್ಲಿ ಅದು ಕಾಣಬಾರದು. ಅದಕ್ಕೆ ಭುಜ ಹಿಡಿದು ಸರಿಸಬೇಕು, ಗಲ್ಲ ಹಿಡಿದು ತಿರುಗಿಸಬೇಕು. ಜಯದೇವಪ್ಪನನ್ನು ಹಿಡಿದೆ. ಕೇರಿಯವರನ್ನು ಹಿಡಿಯಲಿಲ್ಲ. ಆ ದೀಪ ಆರಿಸಿ, ಕ್ಯಾಮೆರಾ ಹತ್ತಿರ ನಿಂತೇ "ಆ ಕಡೆ ಸರೀಲಾ" ಅನ್ನುತ್ತಿದ್ದೆ. ಎಷ್ಟು ಜನಕ್ಕೆ...

ಅಪ್ಪ ಕಲಿಸಿದ್ದು ಅಂತ ಬರೆಯಬಹುದು. 69ರ ಹೊತ್ತಿಗೆ ಅಪ್ಪ ಸತ್ತು ನಾಲ್ಕು ವರ್ಷ.

17-11, ಸೋಮವಾರ

ಎರಡು ದಿನ ಕೂತು ಪ್ರಿಂಟಿನ ಮೇಲೆ ತಲೆ ಸುತ್ತ ಬೂದು ಬಣ್ಣ ಹಚ್ಚಿದೆ. ಅಂಚು ಬಂತು — ನಾನೇ ಊಹಿಸಿದ ಅಂಚು. ಯಾರಿಗೂ ತಿಳಿಯದ ಹಾಗೆ ಮುಗಿದರೆ ಸಾಕಾಗಿತ್ತು.

ಮಂಜುಳಾ ಅಪ್ಪನನ್ನು ಕರೆದುಕೊಂಡು ಬಂದಳು. ದ್ಯಾವಯ್ಯ ಕನ್ನಡಕ ಏರಿಸಿ ನೋಡಿದ.

"ಯಾರವ್ವಾ ಇವಳು?" ಅಂತ ಮಗಳನ್ನು ಕೇಳಿದ. ಆಮೇಲೆ ನನಗೆ ಹೇಳಿದ, ಅವಳ ತುರುಬು ಎಡಕ್ಕೆ ವಾಲುತ್ತಿತ್ತು, ನೀವು ಗಂಡಸಿನ ತಲೆ ಮಾಡಿದ್ದೀರಿ ಅಂತ. ಮಂಜುಳಾ ಮತ್ತೆ ಅದೇ ಕೇಳಿದಳು, ಮೊದಲೇ ಯಾಕೆ ಕತ್ತಲೆ ಅಂತ. ನಾನು ಬ್ರಷ್ ಒರೆಸುತ್ತಾ ಕೂತೆ. ದ್ಯಾವಯ್ಯನೇ ಹೇಳಿದ.

"ದೀಪ ಇತ್ತು ಕಣವ್ವ. ಹಚ್ಚಬೇಕಂದ್ರೆ ನಮ್ಮನ್ನ ಮುಟ್ಟಿ ಕೂರಿಸ್ಬೇಕಿತ್ತು. ಅದ್ಕೆ ಹಚ್ಚಲಿಲ್ಲ. ನಮ್ಮ ಹಿಂದೆ ಬಂದೋರಿಗೆ ಹಚ್ಚಿದ್ನ ಬಾಗಿಲಲ್ಲಿ ನಿಂತು ನೋಡಿವ್ನಿ."

ದನಿಯಲ್ಲಿ ಸಿಟ್ಟಿಲ್ಲ. ಬಸ್ಸಿನ ಟೈಮು ಹೇಳಿದ ಹಾಗೆ. ಇಪ್ಪತ್ತೆಂಟು ವರ್ಷ ಗೊತ್ತಿತ್ತು ಅವನಿಗೆ.

ಬೈಯಲಿ ಅಂತ ಕಾದೆ. ಇಬ್ಬರೂ ಬೈಯಲಿಲ್ಲ. ಹಳೇ ಫೋಟೋ ತೆಗೆದುಕೊಂಡು ಹೋದರು.

18-11

ದ್ರಾಕ್ಷಾಯಣಿಗೆ ಹೇಳಿದೆ. "ಅದು ತಪ್ಪು ಅಂತ ಇಷ್ಟು ದಿನ ಗೊತ್ತಿರಲಿಲ್ವೇನ್ರೀ ನಿಮಗೆ?" ಅಂದಳು.

ಗೊತ್ತಿತ್ತು.

ಕಾಗದ ಹಾಕಬೇಕು. ಮೊದಲು ಇಲ್ಲಿ ಬರೆದು ನೋಡುತ್ತೇನೆ —

ದ್ಯಾವಯ್ಯನವರೇ, ನೀವು ಹೇಳಿದ್ದು ನಿಜ. ಮುಟ್ಟಬೇಕಾಗುತ್ತದೆಂದೇ ದೀಪ ಹಾಕಲಿಲ್ಲ. ನಿಮ್ಮ ಮಗಳಿಗೆ ಸುಳ್ಳು ಹೇಳಿದೆ. ನೆಗೆಟಿವಿನಲ್ಲಿ ಇಲ್ಲದ್ದನ್ನು ನಾನು ತರಲಾರೆ. ಆ ತಲೆ ಕಂಡವರು ನೀವು. ಪಕ್ಕದಲ್ಲಿ ಕೂತು ಕೂದಲು ಎಲ್ಲಿಯವರೆಗೆ ಅಂತ ತೋರಿಸಿದರೆ ಹಾಗೇ ತಿದ್ದುತ್ತೇನೆ. ನನ್ನ ಕೈ ಬೇಡವೆಂದರೆ ನೆಗೆಟಿವ್ ಕಳಿಸುತ್ತೇನೆ, ಬೇರೆಯವರ ಹತ್ತಿರ ಮಾಡಿಸಿ. ತಿಥಿಯೊಳಗೆ ಮುಗಿಯಬೇಕು; ಬರುತ್ತೀರೋ ಇಲ್ಲವೋ, 22ನೇ ತಾರೀಕು ಶನಿವಾರದೊಳಗೆ ತಿಳಿಸಿ.