ತಾಳೆಯಾದ ಹಾಳೆಗಳು

ಭಾನುವಾರ, ಸೆಪ್ಟೆಂಬರ್ 14
ಬೆಳಗ್ಗೆ ಹತ್ತೂವರೆ

ನನ್ನ ಚಿನಕುರಳಿ ಮಗಳಿಗೆ,

ಅಮ್ಮನ ನೂರು ಮುತ್ತು. ನಿನ್ನ ಎರಡು ಕಾಗದಗಳಿಗೆ ಉತ್ತರ ಬರೆಯದೆ ಹದಿನೆಂಟು ದಿನ ಸುಮ್ಮನಿದ್ದೆ. ಬೈಯಬೇಡ. ಕೈಗೆ ಏನೂ ಆಗಿಲ್ಲ, ಮಂಡಿನೋವು ಇದ್ದಲ್ಲೇ ಇದೆ, ನಿಮ್ಮಪ್ಪ ಆರಾಮವಾಗಿದ್ದಾರೆ. ಕನ್ನಡಕವನ್ನು ಹಣೆಯ ಮೇಲೆ ಏರಿಸಿಕೊಂಡು ಮನೆಯೆಲ್ಲ ಹುಡುಕುವ ಅವರ ಕಾರ್ಯಕ್ರಮ ದಿನಕ್ಕೆರಡು ಸಲ ತಪ್ಪದೆ ನಡೆಯುತ್ತಿದೆ. ಬರೆಯಲು ಕೂತಾಗಲೆಲ್ಲ ನನಗೆ ಕೈ ಓಡುತ್ತಿರಲಿಲ್ಲ, ಅಷ್ಟೆ.

ಮುಖ್ಯ ವಿಷಯವನ್ನು ಮೊದಲೇ ಹೇಳಿಬಿಡುತ್ತೇನೆ, ಕೊನೆಯವರೆಗೆ ಧೈರ್ಯ ಉಳಿಯುತ್ತದೋ ಇಲ್ಲವೋ. ಹೋದ ತಿಂಗಳು ನಿನಗೆ ಹಸಿರು ಹೊದಿಕೆಯ ಕಿರುಪುಸ್ತಕ ಕಳಿಸಿದ್ದೆನಲ್ಲ, ಮಗು ಅತ್ತರೆ ಎತ್ತಿಕೊಳ್ಳದೆ ಬಿಟ್ಟು ಸಮಾಧಾನ ಕಲಿಸುವುದು ಹೇಗೆ ಅನ್ನುವುದು? ಅದನ್ನು ಹರಿದು ಹಾಕು. ನಾನು ಕೆಂಪು ಪೆನ್ನಿನಲ್ಲಿ ಗೆರೆ ಎಳೆದ ಪುಟಗಳನ್ನು ಮೊದಲು ಹರಿ. ‘ನೀನು ಹೇಳಿದ ಹಾಗೇ ಮಾಡ್ತೀನಮ್ಮ, ಮಗುಗೆ ಬೇರೆ ರೂಮೇ ರೆಡಿ ಮಾಡಿದೀವಿ’ ಎಂದು ನೀನು ಬರೆದಿದ್ದೆ. ಬೇಡ. ತೊಟ್ಟಿಲನ್ನು ನಿನ್ನ ಮಂಚದ ಪಕ್ಕಕ್ಕೆ ತಂದಿಡು. ಹೆರಿಗೆಗೆ ಇನ್ನೂ ಎರಡು ತಿಂಗಳಿದೆ ಎಂದು ಉದಾಸೀನ ಮಾಡಬೇಡ, ಇವತ್ತೇ ತಂದಿಡು.

ಯಾಕೆ ಅಂತ ಕೇಳುತ್ತೀಯ. ಕೇಳದೆ ಏನನ್ನೂ ಒಪ್ಪಬಾರದೆಂದು ನಿನಗೆ ಕಲಿಸಿದವಳು ನಾನೇ ತಾನೇ.

ನಿನ್ನ ಎರಡನೆಯ ಕಾಗದ ಬಂದ ದಿನವೇ ಮನೆಗೆ ಒಬ್ಬ ಹುಡುಗಿ ಬಂದಳು. ನಾನು ಮೂವತ್ತು ವರ್ಷ ದುಡಿದ ಮನಶ್ಶಾಸ್ತ್ರ ವಿಭಾಗದಲ್ಲಿ ಈಗ ಸಂಶೋಧನೆ ಮಾಡುತ್ತಿದ್ದಾಳಂತೆ. ಕಂಕುಳಲ್ಲಿ ರಟ್ಟಿನ ಪೆಟ್ಟಿಗೆ, ಹೆಗಲಿಗೆ ಲ್ಯಾಪ್‌ಟಾಪು. ಹಳೆಯ ಪ್ರಯೋಗಗಳನ್ನು ಇನ್ನೊಮ್ಮೆ ಮಾಡಿ, ಅದೇ ಫಲ ಬರುತ್ತದೆಯೇ ಎಂದು ನೋಡುವುದು ಅವಳ ಕೆಲಸ. ನಮ್ಮ ಪ್ರಯೋಗವನ್ನು ಎರಡು ಸಲ ಮಾಡಿದಳಂತೆ, ಎರಡು ಸಲವೂ ನಮಗೆ ಬಂದ ಫಲ ಬರಲಿಲ್ಲವಂತೆ. ನಿಮ್ಮಪ್ಪ ಚಹಾ ಕೊಡುತ್ತ, ‘ನಮ್ಮನೆಯವಳ ಕೈಲಿ ಆದದ್ದು ಎಲ್ಲರ ಕೈಲೂ ಆಗುತ್ತಾ?’ ಎಂದು ನಕ್ಕರು. ನಾನೂ ನಕ್ಕೆ. ಆ ನಗು ನೆನೆದರೆ ಈಗ ಮೈ ಉರಿಯುತ್ತದೆ.

ನನ್ನ ಕೆಲಸ ಏನಾಗಿತ್ತೆಂದು ನಿನಗೆ ಸರಿಯಾಗಿ ಯಾವತ್ತೂ ಹೇಳಿರಲಿಲ್ಲ. ನಾನು ವೀಕ್ಷಕಿ. ನಾನು ಕೆಲಸಕ್ಕೆ ಸೇರಿದ ಮೊದಲ ದಿನ ನಮ್ಮ ವಿಭಾಗದ ದೊಡ್ಡ ಮೇಷ್ಟ್ರು ನನ್ನನ್ನು ಕೂರಿಸಿಕೊಂಡು ಇಡೀ ಶಾಸ್ತ್ರದ ಕಥೆಯನ್ನು ಅರ್ಧ ಗಂಟೆಯಲ್ಲಿ ಹೇಳಿದರು. ಮೊದಮೊದಲು ಈ ಶಾಸ್ತ್ರದವರು ತಮ್ಮ ಮನಸ್ಸಿನೊಳಗೆ ತಾವೇ ಇಣುಕಿ, ಕಂಡದ್ದನ್ನು ಬರೆಯುತ್ತಿದ್ದರಂತೆ. ಒಬ್ಬನಿಗೆ ಕಂಡದ್ದು ಇನ್ನೊಬ್ಬನಿಗೆ ಕಾಣದೆ ಜಗಳ ಹತ್ತಿತು. ಆಮೇಲೆ ಬಂದವರು ಒಳಗಿನ ಮಾತೇ ಬೇಡ, ಹೊರಗೆ ಕಾಣುವುದನ್ನಷ್ಟೇ ಎಣಿಸೋಣ ಎಂದರು. ಮೇಷ್ಟ್ರು ಆ ಕಡೆಯವರು. ‘ಮನಸ್ಸು ಯಾರ ಕಣ್ಣಿಗೂ ಬೀಳಲ್ಲಮ್ಮ. ಕಣ್ಣಿಗೆ ಬಿದ್ದದ್ದು ಬರಿ, ಮನಸ್ಸಿಗೆ ಬಂದದ್ದು ಬರೀಬೇಡ’ ಎಂದರು. ಆಗ ನನಗೆ ಅದು ವೇದವಾಕ್ಯ.

ಪ್ರಯೋಗ ಇಷ್ಟೆ. ಒಂದು ಕೋಣೆ, ಚಾಪೆ, ನಾಲ್ಕು ಆಟದ ಸಾಮಾನು. ತಾಯಿ ಮಗುವನ್ನು ಅಲ್ಲಿ ಬಿಟ್ಟು ಹತ್ತು ನಿಮಿಷ ಹೊರಗೆ ಹೋಗುತ್ತಾಳೆ. ಒಟ್ಟು ನಲವತ್ತಾರು ಮಕ್ಕಳು, ಒಂದೊಂದಕ್ಕೂ ಮೂರು ಭೇಟಿ. ಗೋಡೆಯಲ್ಲಿ ಒಂದೇ ಕಡೆಯಿಂದ ಕಾಣುವ ಗಾಜು, ಅದರ ಹಿಂದೆ ನಾನು ಮತ್ತು ನಮ್ಮ ಗಡಿಯಾರ ಮಾವ. ನಿನಗೆ ನೆನಪಿರಬೇಕು, ಊಟಕ್ಕೆ ಕರೆದರೆ ನಿಮಿಷವೂ ಆಚೀಚೆ ಆಗದೆ ಬರುತ್ತಿದ್ದ ನನ್ನ ಸಹೋದ್ಯೋಗಿ. ಹದಿನೈದು ಸೆಕೆಂಡಿಗೊಮ್ಮೆ ಟಿಕ್ ಎನ್ನುವ ಯಂತ್ರ. ಟಿಕ್ ಎಂದಾಗ ಮಗು ಅಳುತ್ತಿದ್ದರೆ ಹಾಳೆಯ ಮೇಲೆ ಗೆರೆ, ಆಡುತ್ತಿದ್ದರೆ ಚುಕ್ಕೆ, ಸಮಾಧಾನವಾಗಿದ್ದರೆ ಸೊನ್ನೆ. ಒಬ್ಬರ ಹಾಳೆ ಇನ್ನೊಬ್ಬರಿಗೆ ಕಾಣಬಾರದೆಂದು ಇಬ್ಬರ ನಡುವೆ ಮರದ ಹಲಗೆ. ಇಬ್ಬರು ಬೇರೆಬೇರೆಯಾಗಿ ನೋಡಿ ಒಂದೇ ಬರೆದರೆ ಅದು ನಿಜವೆಂದು ಲೆಕ್ಕ.

ತಾಳೆ ಆಗದಿದ್ದರೆ? ನೂರಕ್ಕೆ ಎಂಬತ್ತೈದಕ್ಕಿಂತ ಕಡಿಮೆ ಬಿದ್ದರೆ ಆ ಹಾಳೆಗಳು ರದ್ದು. ಮಗುವನ್ನು ಮತ್ತೆ ಕರೆಸಬೇಕು, ಮತ್ತೆ ಬಿಟ್ಟು ಹೋಗಬೇಕು. ಒಂದು ಹೆಣ್ಣುಕೂಸನ್ನು ಹಾಗೆ ಒಂದೇ ಭೇಟಿಗೆಂದು ನಾಲ್ಕು ಸಲ ಕರೆಸಿದರು. ನಾಲ್ಕನೆಯ ಸಲ ಅದು ಬಾಗಿಲು ಕಂಡ ಕೂಡಲೇ ವಾಂತಿ ಮಾಡಿಕೊಂಡಿತು. ಅದರ ತಾಯಿ ನೆಲ ಒರೆಸುತ್ತ ನಮ್ಮನ್ನೇ ಕ್ಷಮೆ ಕೇಳಿದಳು.

ಅವತ್ತಿನಿಂದ ನಾವಿಬ್ಬರೂ ಒಂದು ಕೆಲಸ ಮಾಡತೊಡಗಿದೆವು. ಮೇಷ್ಟ್ರು ಬರುವ ಮುಂಚೆ ಹಲಗೆ ಎತ್ತಿ, ಹಾಳೆಗಳನ್ನು ಅಕ್ಕಪಕ್ಕ ಇಟ್ಟು, ಹೊಂದದ ಕಡೆ ರಬ್ಬರಿನಿಂದ ಅಳಿಸಿ ಹೊಂದಿಸುತ್ತಿದ್ದೆವು. ಮೋಸ ಎಂದು ಅನ್ನಿಸಲೇ ಇಲ್ಲ, ಮಗಳೇ. ಇನ್ನೊಂದು ಕೂಸು ಮತ್ತೆ ಬಂದು ಅಳುವುದು ತಪ್ಪಿತಲ್ಲ ಎಂದು ಸಂತೋಷಪಟ್ಟೆವು. ‘ನನ್ನ ವೀಕ್ಷಕರಿಬ್ಬರೂ ಎರಡು ಕಣ್ಣಿದ್ದ ಹಾಗೆ, ನೋಟ ಒಂದೇ’ ಎಂದು ಮೇಷ್ಟ್ರು ಬಂದವರಿಗೆಲ್ಲ ಹೇಳಿಕೊಂಡು ಓಡಾಡಿದರು.

ಆ ಹುಡುಗಿ ಪೆಟ್ಟಿಗೆಯಿಂದ ಒಂದು ಹಾಳೆ ತೆಗೆದು ಮೆಲ್ಲಗೆ ಕೇಳಿದಳು: ‘ಅಮ್ಮಾ, ತಪ್ಪು ತಿಳ್ಕೋಬೇಡಿ. ನೂರಕ್ಕೆ ತೊಂಬತ್ತೊಂಬತ್ತು ಹೇಗೆ ತಾಳೆ ಆಯ್ತು? ಗಂಟೆ ಎಷ್ಟು ಅಂತ ಕೇಳಿದ್ರೂ ಇಬ್ರು ಇಷ್ಟು ಒಪ್ಪಲ್ಲ.’ ಆಮೇಲೆ ಹಾಳೆಯನ್ನು ಕಿಟಕಿಯ ಗಾಜಿಗೆ ಒತ್ತಿ ಹಿಡಿದಳು. ಬಿಸಿಲಿಗೆ ಕಾಗದದ ತಗ್ಗುಗಳು ಎದ್ದು ಕಂಡವು. ನನ್ನ ಸೊನ್ನೆಗಳ ಕೆಳಗೆ ಬೇರೇನೋ ಇತ್ತು. ಪ್ರಶ್ನಾರ್ಥಕ ಚಿಹ್ನೆ. ಒಂದಲ್ಲ, ಎರಡಲ್ಲ, ಎಲ್ಲ ಹಾಳೆಗಳೂ ಸೇರಿ ಆರುನೂರ ಹನ್ನೊಂದು. ಅಷ್ಟನ್ನೂ ಅವಳು ಎಣಿಸಿದ್ದಳು.

ಮರೆತೇಬಿಟ್ಟಿದ್ದೆ, ನಿನ್ನಾಣೆ. ಮಗು ಅಳು ನಿಲ್ಲಿಸಿ, ಆಟದ ಸಾಮಾನನ್ನೂ ಮುಟ್ಟದೆ, ಗೋಡೆ ನೋಡುತ್ತ ಕೂತುಬಿಡುತ್ತಿತ್ತು. ಅದಕ್ಕೆ ಹಾಳೆಯಲ್ಲಿ ಗುರುತೇ ಇರಲಿಲ್ಲ. ಗಡಿಯಾರ ಮಾವ ಸೊನ್ನೆ ಹಾಕುತ್ತಿದ್ದರು. ನಾನು ಪ್ರಶ್ನೆ ಹಾಕುತ್ತಿದ್ದೆ. ಹೊಂದಿಸುವಾಗ ಅವರು, ‘ಅಳ್ತಾ ಇಲ್ಲ ಅಂದ್ಮೇಲೆ ಸಮಾಧಾನ ತಾನೇ? ಸೊನ್ನೆ ಹಾಕಮ್ಮ, ಹೊತ್ತಾಯ್ತು’ ಎನ್ನುತ್ತಿದ್ದರು. ಅವರು ಹಿರಿಯರು, ನಾನು ಅಳಿಸುತ್ತಿದ್ದೆ. ಪ್ರತಿ ಸಲವೂ ಅಳಿಸಿದವಳು ನಾನೇ. ಹಾಗೆ ಮೂರನೆಯ ಭೇಟಿಯ ಹಾಳೆಗಳ ತುಂಬ ಸೊನ್ನೆಗಳಾದವು, ಸೊನ್ನೆಗಳಿಂದ ಪ್ರಬಂಧವಾಯಿತು, ಪ್ರಬಂಧದಿಂದ ಹಸಿರು ಪುಸ್ತಕವಾಯಿತು. ‘ಮೂರನೆಯ ಸಲಕ್ಕೆ ಮಗು ತಾನಾಗಿ ಸಮಾಧಾನ ಕಲಿಯುತ್ತದೆ’ ಎಂಬ ವಾಕ್ಯಕ್ಕೆ ನಾನು ನಿನಗಾಗಿ ಎರಡು ಗೆರೆ ಎಳೆದಿದ್ದೆ.

ಹುಡುಗಿ ಅಷ್ಟಕ್ಕೇ ಬಿಡಲಿಲ್ಲ. ಆಗ ತೆಗೆದ ಫಿಲ್ಮೂ ಅವಳಿಗೆ ಸಿಕ್ಕಿತ್ತು. ಹತ್ತನೆಯ ನಿಮಿಷಕ್ಕೆ ಗಂಟೆ ಬಾರಿಸಿದರೆ ನಾವು ಪೆನ್ಸಿಲು ಕೆಳಗಿಟ್ಟು ಹಾಳೆ ಹೊಂದಿಸಲು ತಲೆ ತಗ್ಗಿಸುತ್ತಿದ್ದೆವು. ಕ್ಯಾಮೆರಾದವನು ಮಾತ್ರ ಇನ್ನೂ ಅರ್ಧ ನಿಮಿಷ ಓಡಲು ಬಿಟ್ಟಿದ್ದ. ಆ ಅರ್ಧ ನಿಮಿಷವನ್ನು ನಾನು ಈ ವಯಸ್ಸಿನಲ್ಲಿ ಮೊದಲ ಸಲ ನೋಡಿದೆ. ಬಾಗಿಲು ತೆರೆಯುತ್ತದೆ. ತಾಯಿ ನಗುತ್ತ ಬಂದು, ಮಂಡಿಯೂರಿ, ಎರಡೂ ಕೈ ಚಾಚುತ್ತಾಳೆ. ಮಗು ಅವಳನ್ನು ನೋಡುತ್ತದೆ, ಆಮೇಲೆ ಅವಳ ಪಕ್ಕದ ಗೋಡೆಯನ್ನು ನೋಡುತ್ತದೆ. ಕೈ ಎತ್ತುವುದಿಲ್ಲ. ಅವಳು ಎತ್ತಿಕೊಂಡರೂ ಕೊರಳಿಗೆ ಜೋತುಬೀಳುವುದಿಲ್ಲ, ಬಟ್ಟೆಯ ಗಂಟಿನ ಹಾಗೆ ಇರುತ್ತದೆ. ಹುಡುಗಿ ಒಂದಾದ ಮೇಲೊಂದು ಒಂಬತ್ತು ಮಕ್ಕಳನ್ನು ತೋರಿಸಿದಳು. ‘ಸಾಕು, ನಿಲ್ಸು’ ಎಂದೆ. ನಿಮ್ಮಪ್ಪ ಚಹಾದ ಲೋಟ ಹಿಡಿದುಕೊಂಡು ನಿಂತಲ್ಲೇ ನಿಂತಿದ್ದರು.

ಅವಳು ಹೋದ ಮೇಲೆ ಗಡಿಯಾರ ಮಾವನಿಗೆ ಫೋನು ಮಾಡಿದೆ. ‘ಅಯ್ಯೋ, ಅದಕ್ಯಾಕೆ ಇಷ್ಟು ತಲೆ ಕೆಡಿಸ್ಕೋತೀಯ? ಆ ಮಕ್ಕಳು ಮತ್ತೆ ಅಳೋದು ತಪ್ಪಿಸಿದ್ವಿ. ಪುಣ್ಯದ ಕೆಲಸ ಅದು’ ಎಂದರು.

‘ನಲವತ್ತಾರು ಮಕ್ಕಳದು ತಪ್ಪಿಸಿದ್ವಿ. ಪುಸ್ತಕ ಓದಿದೋರ ಮನೆ ಮಕ್ಕಳದು?’ ಎಂದು ಕೇಳಿದೆ.

ಅವರು, ‘ನಮ್ಮನೇಲೂ ಅದೇ ಪುಸ್ತಕ ಇತ್ತು ಕಣಮ್ಮ’ ಎಂದು ಫೋನಿಟ್ಟರು.

ಮೊನ್ನೆ ವಿಭಾಗಕ್ಕೆ ಹೋಗಿ ಎಲ್ಲವನ್ನೂ ಬರೆದು ಸಹಿ ಹಾಕಿ ಕೊಟ್ಟು ಬಂದೆ. ಹಲಗೆ ಎತ್ತುತ್ತಿದ್ದದ್ದು, ರಬ್ಬರು, ಎಲ್ಲ. ಈಗಿನ ಮುಖ್ಯಸ್ಥರು ಓದಿ, ‘ಮೇಷ್ಟ್ರು ತೀರಿಕೊಂಡಿದಾರೆ, ಈಗ ಇದೆಲ್ಲ ಬೇಕಿತ್ತಾ?’ ಎಂದರು. ‘ನನ್ನ ಮಗಳು ಗರ್ಭಿಣಿ’ ಎಂದೆ. ಅವರಿಗೆ ಅರ್ಥವಾಗಲಿಲ್ಲ ಅನ್ನಿಸುತ್ತದೆ. ನಿನಗೆ ಆದರೆ ಸಾಕು.

ಮಗು ಅತ್ತರೆ ಎತ್ತಿಕೋ. ಕಾರಣ ಇದ್ದು ಅತ್ತರೂ ಎತ್ತಿಕೋ, ಸುಮ್ಮನೆ ರಚ್ಚೆ ಹಿಡಿದರೂ ಎತ್ತಿಕೋ. ‘ಎತ್ತಿ ಎತ್ತಿ ಹಾಳು ಮಾಡ್ತಿದೀಯ’ ಎಂದು ಯಾರಾದರೂ ಅಂದರೆ, ನಮ್ಮಮ್ಮ ಮೂವತ್ತು ವರ್ಷ ಇದನ್ನೇ ನೋಡಿದವಳು, ಅವಳೇ ಹೇಳಿದ್ದು ಎಂದುಬಿಡು. ಅಳಿಯಂದಿರಿಗೂ ಹೇಳು, ಸರದಿ ಹಾಕಿಕೊಳ್ಳಲಿ, ಸೊಂಟ ಅವರಿಗೂ ಇದೆ. ನಿನ್ನ ಹೆರಿಗೆ ಸುಸೂತ್ರವಾಗಲಿ, ತಾಯಿ ಮಗು ಇಬ್ಬರೂ ನೂರ್ಕಾಲ ತಣ್ಣಗಿರಿ. ನಿಮ್ಮಪ್ಪನ ಆಶೀರ್ವಾದವೂ ಇದರೊಳಗೆ ಇದೆ.

ನಿನ್ನ
ಅಮ್ಮ

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದೆ. ನಿನಗೆ ಹನ್ನೊಂದು ತಿಂಗಳಿದ್ದಾಗ ಮಧ್ಯಾಹ್ನ ನಿನ್ನನ್ನು ಒಳಗೆ ಬಿಟ್ಟು, ಕದ ಹಾಕಿಕೊಂಡು, ನಾನು ಹೊರಗೆ ವಾಚು ಹಿಡಿದು ಕೂರುತ್ತಿದ್ದೆ. ಒಂಬತ್ತನೆಯ ದಿನ ನೀನು ಅಳಲಿಲ್ಲ. ಪಕ್ಕದ ಮನೆಗೆ ಹೋಗಿ ಹೇಳಿಕೊಂಡು ಬಂದೆ. ಹೋದ ವರ್ಷ ನಿನ್ನ ಮೊದಲ ಬಸಿರು ನಾಲ್ಕನೆಯ ತಿಂಗಳಲ್ಲಿ ಹೋದದ್ದನ್ನು ನೀನು ನನಗೆ ಹೇಳಿದ್ದು ಮೂರು ವಾರ ಕಳೆದ ಮೇಲೆ, ಫೋನಿನಲ್ಲಿ, ಬಸ್ಸು ತಡವಾಯಿತು ಅನ್ನುವಷ್ಟೇ ಸಲೀಸಾಗಿ. ‘ಈಗ ಸರಿ ಇದೀನಮ್ಮ, ಏನೂ ಇಲ್ಲ’ ಎಂದೆ ನೀನು. ಫೋನಿಟ್ಟು ನಾನು ನಿಮ್ಮಪ್ಪನಿಗೆ, ‘ನೋಡಿದ್ರಾ, ಎಷ್ಟು ಗಟ್ಟಿ ಬೆಳೆಸಿದೀನಿ’ ಎಂದೆ. ಹೆಮ್ಮೆಯಿಂದ ಅಂದೆ. ಆ ಮೂರು ವಾರ ನೀನು ಯಾರ ಹತ್ತಿರ ಅತ್ತುಕೊಂಡೆ, ಮಗಳೇ? ನನ್ನ ಹತ್ತಿರ ಬರಬೇಕೆಂದು ನಿನಗೆ ಅನ್ನಿಸಲೇ ಇಲ್ಲವೇ?