ಕಲ್ಲುಗಳ ನಡುವೆ ಕುಸಿದು ಕೂತ ಮಾವನವರಿಗೆ

ಮಾವ,

ನೀವಿದ್ದಾಗ ನಿಮಗೊಂದು ಕಾಗದ ಬರೆದವಳಲ್ಲ ನಾನು. ಈಗ ಆಸ್ಪತ್ರೆಯ ಕಾರಿಡಾರಿನಲ್ಲಿ ಕೂತು ಬರೆಯುತ್ತಿದ್ದೇನೆ. ಯಾಕೆಂದು ಹೇಳುತ್ತೇನೆ.

ಆ ಕಲ್ಲಿನ ಸುತ್ತು ನೆನಪಿದೆಯಾ? ನೀವು ಈ ಪರದೇಶಕ್ಕೆ, ಸೊಲ್ಲೆಂಟುನಾದ ನಮ್ಮ ಮನೆಗೆ ಬಂದಿದ್ದ ಬೇಸಿಗೆ. ನಿಮ್ಮ ಮಗ ಕಿಸ್ಟಾದ ಆಫೀಸಿಗೆ, ಮೊಮ್ಮಗಳು ಡಾಗಿಸ್‌ಗೆ, ಅಂದರೆ ಇಲ್ಲಿನ ಶಿಶುವಿಹಾರಕ್ಕೆ, ಹೋದರೆ ದಿನವಿಡೀ ನಾವಿಬ್ಬರೇ. ಏನಾದರೂ ಹಳೆಯದು ತೋರಿಸು ಅಂದಿರಿ. ಬಸ್ಸಿಳಿದು ಪೈನ್ ಮರಗಳ ನಡುವೆ ನಡೆದೆವು. ಸಾವಿರಾರು ವರ್ಷ ಹಳೆಯ ಕಲ್ಲುಗಳು, ಬಳೆಯಾಕಾರದಲ್ಲಿ, ಪಾಚಿ ಹೊದ್ದು ನಿಂತಿದ್ದವು. ದಾವಣಗೆರೆಯ ಅಂಗಡಿಯಲ್ಲಿ ಬಟ್ಟೆ ಮುಟ್ಟಿ ನೋಡುತ್ತಿದ್ದ ಹಾಗೆಯೇ ಒಂದೊಂದು ಕಲ್ಲನ್ನೂ ಬೆರಳಿನಲ್ಲಿ ಸವರುತ್ತಾ ಸುತ್ತು ಹಾಕಿದಿರಿ. ಇದು ಗೋರಿಯ ಜಾಗವೆಂದು ಬೋರ್ಡಿನಲ್ಲಿ ಬರೆದಿತ್ತು. ನಾನು ಓದಿ ಹೇಳಲಿಲ್ಲ. ಯಾಕೋ ಅಪಶಕುನ ಅನ್ನಿಸಿತ್ತು.

ಕ್ಯಾಮೆರಾದ ರೀಲು ಬದಲಿಸಿ ತಲೆಯೆತ್ತಿದಾಗ ನೀವು ಕಾಣಲಿಲ್ಲ. ಎರಡು ಸಲ ಕೂಗಿದೆ. ಓಡಿ ಬಂದರೆ ದೊಡ್ಡ ಕಲ್ಲಿನ ಹಿಂದೆ ಹುಲ್ಲಿನ ಮೇಲೆ ಕೂತಿದ್ದಿರಿ, ಎಡಗೈ ಎದೆಯ ಮೇಲೆ. ಹಣೆಯೆಲ್ಲ ಬೆವರು. ಆ ತಣ್ಣನೆಯ ಗಾಳಿಯಲ್ಲಿ ಬೆವರು! ನೀರು ಕುಡಿಸಿದೆ. ಸ್ವಲ್ಪ ಹೊತ್ತಿಗೆ ಉಸಿರು ಹದಕ್ಕೆ ಬಂತು. ಆಮೇಲೆ ನನ್ನ ಮಣಿಕಟ್ಟು ಹಿಡಿದು ನೀವಂದದ್ದು ಒಂದೇ ಮಾತು.

"ಸತೀಶಗ ಹೇಳಬ್ಯಾಡವ್ವ. ಅವ ಹೆದರ್ತಾನ."

ಹೆದರದೆ ಇದ್ದವರು ಯಾರು, ಮಾವ? ವಾಪಸು ಬರುವಾಗ ಬಸ್ಸಿನಲ್ಲಿ ನೀವು ಕಣ್ಣು ಮುಚ್ಚಿದಾಗಲೆಲ್ಲ ನಾನು ನಿಮ್ಮ ಎದೆಯ ಏರಿಳಿತ ನೋಡುತ್ತಿದ್ದೆ. ಮನೆ ಸೇರಿದ ಮೇಲೆ ಎಲ್ಲವನ್ನೂ ಹೇಳಿಬಿಟ್ಟೆ. ನಿಮ್ಮ ಮಗ ಆಗಲೇ ನಿಮ್ಮನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಊರಿಗೆ ಹೊರಡುವವರೆಗೂ ನೀವು ನನ್ನ ಮುಖ ನೋಡಿ ಮಾತಾಡಲಿಲ್ಲ.

ಕಾಲಿಂಗ್ ಕಾರ್ಡಿನಲ್ಲಿ ಫೋನ್ ಮಾಡಿದಾಗಲೂ ನನ್ನ ಜೊತೆ "ಆರಾಮಾ?" ಅನ್ನುವುದಷ್ಟೇ. ಔಷಧಿ ನುಂಗುತ್ತಾ ಮತ್ತೆರಡು ಬೇಸಿಗೆ ಕಂಡಿರಿ. ಅಷ್ಟಾದರೂ ಸಿಕ್ಕಿತಲ್ಲ ಅಂತ ನಾನು... ಆದರೆ ನಿಮ್ಮ ಮನಸ್ಸಿನಲ್ಲೇನಿತ್ತು? ಕೇಳುವ ಧೈರ್ಯ ಬರುವುದರೊಳಗೆ ನೀವು ಹೋಗಿಬಿಟ್ಟಿರಿ.

ಇವತ್ತು ಮಧ್ಯಾಹ್ನ ಅಡುಗೆಮನೆಯಲ್ಲಿದ್ದಾಗ ಫೋನ್ ಬಂತು. ಮೆಟ್ರೋ ಸ್ಟೇಷನ್ನಿನ ಬೆಂಚಿನಿಂದ, ನಿಮ್ಮ ಮಗ. ದನಿ ಗುರುತೇ ಹತ್ತಲಿಲ್ಲ.

"ರೇಖಾ, ಎದೆ ಹಿಡ್ಕೊಂಡಿದೆ. ಅಪ್ಪನ ಥರಾನೇ. ಆಂಬುಲೆನ್ಸ್‌ಗೆ ಹೇಳಿದೀನಿ, ನೀನು ಬಾ."

ಹೇಗೆ ಬಂದು ಸೇರಿದೆನೋ ಗೊತ್ತಿಲ್ಲ. ರಕ್ತನಾಳದಲ್ಲಿದ್ದ ಅಡ್ಡಿಯನ್ನು ತೆಗೆದಿದ್ದಾರೆ. ತಡಮಾಡದೆ ಬಂದದ್ದು ಒಳ್ಳೆಯದಾಯಿತು, ಈ ರಾತ್ರಿ ಕಳೆಯಲಿ ಅಂದರು ಡಾಕ್ಟರು. ಗಾಜಿನಾಚೆ ಮಲಗಿದ್ದಾರೆ. ನಿಮ್ಮದೇ ಮೂಗು, ನಿಮ್ಮದೇ ನಿದ್ದೆ. ನಾನು ಮತ್ತೆ ಎದೆಯ ಏರಿಳಿತ ನೋಡುತ್ತಾ ಕೂತಿದ್ದೇನೆ.

ನಿಮಗೆ ಹೇಳಬೇಕೆನ್ನಿಸಿದ್ದು ಇಷ್ಟೇ, ಮಾವ. ನಿಮ್ಮ ಮಗ ಮುಚ್ಚಿಡಲಿಲ್ಲ.

ನಿಮ್ಮ ಸೊಸೆ,
ರೇಖಾ