ಗೋಡೆಗೆ ತಿರುಗಿ ನಿಂತಿದ್ದಕ್ಕೆ ಶಿಕ್ಷೆಯೇ?

ಮಾನ್ಯ ಕಾರಾಗೃಹ ನಿರ್ದೇಶಕರೇ,

ಬೆಳಗಿನ ಜಾವ ಮೂರೂವರೆಗೆ, ಹಿಮ ತಳ್ಳುವ ಗಾಡಿಯ ಅಲಗು ರಸ್ತೆ ಕೆರೆದ ಸದ್ದಿಗೆ ಎಚ್ಚರವಾಯಿತು. ಯಾರೋ ಬಾಗಿಲು ಒಡೆಯುತ್ತಿದ್ದಾರೆಂದು ಮಗಳನ್ನೆತ್ತಿಕೊಂಡು ಬಚ್ಚಲಿಗೆ ಓಡಿ ಚಿಲಕ ಹಾಕಿಕೊಂಡೆ. ಹಿಂದೊಮ್ಮೆ ನಿಜವಾಗಿಯೇ ಬಾಗಿಲು ಒಡೆದವನು ನನ್ನ ಗಂಡ ತೋರ್ಸ್ತಿ. ಈಗ ಅವನು ನಿಮ್ಮ ವಶದಲ್ಲಿದ್ದಾನೆ. ಬೆಳಗಾದರೆ ನೀವು ಅವನನ್ನು ಕೋಪವನ್ನು ಹಿಡಿತದಲ್ಲಿಡಲು ಕಲಿಸುವ ತರಗತಿಯಿಂದ ತೆಗೆದು ಹಳೆಯ ವಿಭಾಗಕ್ಕೆ ದೂಡಲಿದ್ದೀರಿ.

ಅವನ ಅಪರಾಧವೇನು? ನೀವೇ ನೇಮಿಸಿದ ಶಿಕ್ಷಕಿ ಕಲಿಸಿದ ಮೊದಲ ಪಾಠ: ಕೈ ಏಳುವ ಮುನ್ನ ಗೋಡೆಗೆ ತಿರುಗಿ ನಿಲ್ಲು, ಉಸಿರು ಹದಕ್ಕೆ ಬರುವತನಕ ಯಾರಿಗೂ ಉತ್ತರಿಸಬೇಡ. ಶನಿವಾರ ಜೈಲಿನ ಸೌನಾದಲ್ಲಿ, ಹಬೆಸ್ನಾನದ ಆ ಬಿಸಿ ಕೋಣೆಯಲ್ಲಿ, ಒಬ್ಬ ಕೈದಿ ತೋರ್ಸ್ತಿಯ ಟವೆಲನ್ನು ನೆಲಕ್ಕೆಸೆದು ತುಳಿದ. ಸೌನಾದೊಳಗೆ ದನಿಯೆತ್ತಬಾರದೆಂದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ತೋರ್ಸ್ತಿ ಗೋಡೆಗೆ ತಿರುಗಿದ. ಹೊಸ ಕಾವಲುಗಾರ ಹೆಸರು ಹಿಡಿದು ಕೂಗಿದ, "ಏಯ್, ನಂಗೇ ಬೆನ್ನು ತೋರಿಸ್ತೀಯಾ?" ಇವನು ಅಲುಗಲಿಲ್ಲ. ಅದು ಆಜ್ಞೆಯ ಉಲ್ಲಂಘನೆಯಾಯಿತು! ಪಾಠ ಹೇಳಿದವರೂ ನೀವೇ, ಕಲಿತದ್ದಕ್ಕೆ ದಂಡಿಸಿದವರೂ ನೀವೇ. ಆ ಪಾಠವನ್ನು ಕಾವಲುಗಾರರಿಗೆ ಹೇಳದೆ ಬಿಟ್ಟದ್ದು ಉಳಿತಾಯವೋ, ಮರೆವೋ?

ನಿನ್ನೆ ಸಂಜೆ ಅವನು ಫೋನ್ ಮಾಡಿದ.

"ಹೊಡೆದ್ಯಾ?" ಎಂದೆ. ನನ್ನ ಬಾಯಿಗೆ ಮೊದಲು ಬರುವುದು ಅದೇ.

"ಹೊಡೆದಿದ್ರೆ ನಾಲ್ಕು ದಿನ ಒಂಟಿ ಕೋಣೆ, ಆಮೇಲೆ ಮತ್ತೆ ಕ್ಲಾಸು. ಹೊಡೀಲಿಲ್ಲ ನೋಡು, ಅದಕ್ಕೇ ಆಚೆ ಹಾಕಿದ್ರು."

"ತಮಾಷೆ ಬೇಡ ಕಣೋ."

"ತಮಾಷೆ ಅಲ್ವೇ, ವಿಲ್ಯಾ. ಹಳೇ ವಿಭಾಗದಲ್ಲಿ ಗೋಡೆಗೆ ತಿರುಗಿದ್ರೆ ಬೆನ್ನಿಗೇ ಚುಚ್ತಾರೆ. ಅಲ್ಲಿ ನಾನು ತಿರುಗಲ್ಲ."

ಮೇ ತಿಂಗಳಲ್ಲಿ ಅವನ ಬಿಡುಗಡೆ. ಅವನು ಬರುವುದು ನಿಮ್ಮ ವಾರ್ಷಿಕ ವರದಿಗಲ್ಲ, ನನ್ನ ಮಗಳು ಮಲಗುವ ಮನೆಗೆ. ಹಳೆಯ ವಿಭಾಗದಲ್ಲಿ ಅವನನ್ನು ಕೊಂದಾರೆಂಬುದು ಒಂದು ಭಯ. ಬದುಕಿ, ಗೋಡೆಗೆ ತಿರುಗುವುದನ್ನು ಮರೆತು ಬಂದಾನೆಂಬುದು ಇನ್ನೊಂದು. ಯಾವುದು ದೊಡ್ಡದೆಂದು ಹೇಳಲು ನಾಚಿಕೆಯಾಗುತ್ತದೆ.

ವರ್ಗಾವಣೆ ಆರಕ್ಕೆ, ದೂರು ಕೇಳುವ ನಿಮ್ಮ ಕಚೇರಿ ತೆರೆಯುವುದು ಒಂಬತ್ತಕ್ಕೆ. ಎಂಥ ಜಾಣ ವೇಳಾಪಟ್ಟಿ! ಆದ್ದರಿಂದಲೇ ಇದನ್ನು ಊರ ಪತ್ರಿಕೆಯ ಜಾಲತಾಣದಲ್ಲಿ ಈಗಲೇ ಹಾಕುತ್ತಿದ್ದೇನೆ. ಅವನನ್ನು ತರಗತಿಯಲ್ಲೇ ಉಳಿಸಿ. ತಪ್ಪಾಯಿತೆಂದು ನೀವು ಒಪ್ಪಬೇಕಿಲ್ಲ. ರಾತ್ರಿ ಪಾಳಿಯವರಿಗೆ "ತಡೀರಿ" ಎಂದರೆ ಸಾಕು. ಇದನ್ನು ಓದುತ್ತಿರುವವರಲ್ಲಿ ಯಾರಾದರೂ ನಿರ್ದೇಶಕರನ್ನು ಬಲ್ಲಿರಾದರೆ, ದಯವಿಟ್ಟು ಅವರನ್ನು ಎಬ್ಬಿಸಿ. ಬೈದರೆ ನನ್ನ ಹೆಸರು ಹೇಳಿ. ಆರು ಗಂಟೆಗೆ ಮೊದಲು ಒಂದು ಫೋನ್ ಮಾಡಿ, ನಿಮ್ಮ ದಮ್ಮಯ್ಯ.

ಇಂತಿ,
ಗಂಡನಿಗೂ ಹೆದರುವ, ನಿಮಗೂ ಹೆದರುವ
ವಿಲ್ಯಾ ಕೆತ್ತುನೆನ್